ಪಾದದ ಬಳಿ ಮಲಗಿರುವ ತೋಳದ ವಂಶಜ

ಬರೆಯುತ್ತ ಕುಳಿತಿರುವ ನನ್ನ ಪಾದಕ್ಕೆ ಬೆನ್ನು ತಾಗಿಸಿ ನಾಯಿ ಮಲಗಿದೆ. ಇದರ ಪೂರ್ವಜರಾದ ತೋಳಗಳು, ಮನುಷ್ಯನು ಇನ್ನೂ ಬೇಸಾಯವನ್ನೇ ಅರಿಯದೆ ಬೇಟೆಯಾಡಿಕೊಂಡು ಅಲೆಯುತ್ತಿದ್ದ ಕಾಲದಲ್ಲಿಯೇ ಅವನ ಜೊತೆ ಸೇರಿದವು. ದನ, ಕುರಿಗಳೆಲ್ಲ ಬಂದದ್ದು ಆಮೇಲೆ.

ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ದೊರೆತ, ಸುಮಾರು 14,000 ವರ್ಷ ಹಳೆಯದಾದ ಸಮಾಧಿಯಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನೊಂದಿಗೆ ಎಳೆಯ ನಾಯಿಯೊಂದರ ಮೂಳೆಗಳೂ ಇದ್ದವು. ಹಲ್ಲುಗಳನ್ನು ಪರೀಕ್ಷಿಸಿದ ತಜ್ಞರ ಪ್ರಕಾರ ಅದಕ್ಕೆ ಡಿಸ್ಟೆಂಪರ್ ಎಂಬ, ನಾಯಿಗಳಿಗೆ ಬರುವ ಮಾರಕ ಸೋಂಕು ಕಾಯಿಲೆ ತಗಲಿದ್ದಿರಬೇಕು. ಆರೈಕೆಯಿಲ್ಲದೆ ಆ ಕಾಯಿಲೆಯಲ್ಲಿ ಅದು ವಾರಗಟ್ಟಲೆ ಬದುಕುವುದು ಕಷ್ಟವಿತ್ತು. ಬೇಟೆಗೂ ಕಾವಲಿಗೂ ಒದಗದ ಮರಿಯನ್ನು ಯಾರೋ ಪಕ್ಕದಲ್ಲಿ ಕುಳಿತು ಉಪಚರಿಸಿದ್ದರೆಂಬ ಯೋಚನೆ ಈ ರಾತ್ರಿ ನನ್ನನ್ನು ಬಿಡುತ್ತಿಲ್ಲ.

ಈಗಷ್ಟೇ ಕಾಲು ಸರಿಸಿದ್ದಕ್ಕೆ ಇದು ಹುಬ್ಬೆತ್ತಿ ನೋಡಿತು (ಹೀಗೆ ಒಳಹುಬ್ಬನ್ನೆತ್ತುವ ಸ್ನಾಯು ತೋಳಗಳಲ್ಲಿ ಅಷ್ಟಾಗಿ ಬೆಳೆದಿರುವುದಿಲ್ಲವಂತೆ). ಕಾಲನ್ನು ಮತ್ತೆ ಮೊದಲಿನ ಜಾಗದಲ್ಲೇ ಇಟ್ಟಿದ್ದೇನೆ.