ಹೊಸದರಂತಿದ್ದ ಬೋಲ್ಟನ್ನು ಕತ್ತರಿಸಿದ್ದೇಕೆ

ಕಳೆದ ವಾರ ಮುಂಬೈನ ಜುಹುವಿನ ಹ್ಯಾಂಗರ್‌ನಲ್ಲಿ, ಹೆಲಿಕಾಪ್ಟರ್‌ನ ಬ್ಲೇಡನ್ನು ನಡುವಿನ ಗುಂಬಕ್ಕೆ, ಅಂದರೆ ಹಬ್‌ಗೆ, ಹಿಡಿದಿಡುವ ಬೋಲ್ಟೊಂದನ್ನು ಗ್ರೈಂಡರ್ ಹಿಡಿದು ಎರಡು ತುಂಡು ಮಾಡಿಸಿದೆವು. ಭೂತಗನ್ನಡಿಯಲ್ಲಿ ನೋಡಿದರೂ ಅದರ ಮೇಲೆ ಒಂದು ಗೀರಿರಲಿಲ್ಲ. ಹೊಸದಾಗಿ ಸೇರಿರುವ ಧಾರವಾಡದ ಹುಡುಗ, "ಸರ, ಇಷ್ಟ ಚೊಲೊ ಐತಿ, ಯಾಕ ಕತ್ತರಿಸಬೇಕ್ರಿ?" ಎಂದು ಕೇಳಿದ. ಅಲ್ಲಿ ಅವಸರದಲ್ಲಿ ಕೊಟ್ಟ ಅರೆ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಒಂದೇ ಏಟಿಗೆ ಮುರಿಯಲಾರದ ಸಣ್ಣ ಹೊರೆಯೂ ಕೋಟಿ ಸಲ ಏರಿಳಿದರೆ ಲೋಹ ದಣಿದು ಬಿರುಕು ಬಿಡುತ್ತದೆ. ಮುಂದಕ್ಕೆ ಹಾರುವ ಹೆಲಿಕಾಪ್ಟರ್‌ನ ಬ್ಲೇಡು ಪ್ರತಿ ಸುತ್ತಿನಲ್ಲೂ ಅರ್ಧ ಹೊತ್ತು ಗಾಳಿಗೆ ಎದುರಾಗಿ, ಇನ್ನರ್ಧ ಹೊತ್ತು ಗಾಳಿಯ ಜೊತೆಗೆ ಸಾಗುವುದರಿಂದ ಅದರ ಮೇಲಿನ ಹೊರೆ ಸುತ್ತಿಗೊಮ್ಮೆಯಾದರೂ ಏರಿಳಿಯುತ್ತದೆ. ನಿಮಿಷಕ್ಕೆ 300 ಸುತ್ತು ಎಂದು ಹಿಡಿದರೂ ಗಂಟೆಗೆ 18,000, ಐದು ಸಾವಿರ ಗಂಟೆಗೆ 9 ಕೋಟಿ. ಆದ್ದರಿಂದ ತಯಾರಕರು ಮಾದರಿ ಭಾಗಗಳನ್ನು ಮುರಿಯುವವರೆಗೆ ಪರೀಕ್ಷಿಸಿ, ಹಾರಾಟದಲ್ಲಿ ಅಳೆದ ಹೊರೆಗಳೊಂದಿಗೆ ತಾಳೆ ನೋಡಿ, ಸಾಕಷ್ಟು ಅಂತರ ಬಿಟ್ಟು ಸುರಕ್ಷಿತ ಆಯುಷ್ಯವನ್ನು ನಿಗದಿಪಡಿಸುತ್ತಾರೆ. ಆ ಗಂಟೆಗಳು ತುಂಬಿದ ದಿನ ಭಾಗ ಎಷ್ಟೇ ಚೆನ್ನಾಗಿ ಕಾಣಲಿ, ಅದನ್ನು ಕಳಚಲೇಬೇಕು. ಕತ್ತರಿಸುವುದು ಅದು ಮತ್ತೆ ಯಾರ ಕೈಗೂ ಸಿಗದಿರಲೆಂದು. ಈ ಊರಿನಲ್ಲಿ ಬಿಕರಿಯಾಗದ ವಸ್ತುವಿಲ್ಲ ಎಂಬುದು ಕುರ್ಲಾದ ಗುಜರಿ ಅಂಗಡಿಗಳನ್ನು ಕಂಡವರಿಗೆ ಗೊತ್ತು.

ಈ ಲೆಕ್ಕದಲ್ಲಿ ಒಂದು ಕೊರತೆಯಿತ್ತು: ಭಾಗಕ್ಕೆ ಯಾವ ಊನವೂ ಇಲ್ಲವೆಂದೇ ಅದು ನಂಬುತ್ತಿತ್ತು. ಕಡಲ ಮೇಲೆ ಹಾರುವ ಯಂತ್ರಕ್ಕೆ ಉಪ್ಪು ಕೊರೆದ ಸೂಜಿಮೊನೆಯಷ್ಟು ಗುಳಿಯೇ ಬಿರುಕಿನ ತವರು. ದೊಡ್ಡ ಹೆಲಿಕಾಪ್ಟರ್‌ಗಳಿಗೆ ಅನ್ವಯಿಸುವ ಅಮೆರಿಕದ 29.571 ನಿಯಮ 1989ರ ತಿದ್ದುಪಡಿಯಲ್ಲಿ, ಗೀರು, ತುಕ್ಕಿನಂಥ ಊನಗಳು ಇದ್ದೇ ಇರುತ್ತವೆಂದು ಭಾವಿಸಿ ಲೆಕ್ಕ ಹಾಕುವಂತೆ ಹೇಳಿತು; 2011ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಲಾಯಿತು.

ಅದೂ ಸಾಲದೆಂಬುದು 2016ರ ಏಪ್ರಿಲ್ 29ರಂದು ನಾರ್ವೆಯ ತುರೋಯ್ ಬಳಿ ಗೊತ್ತಾಯಿತು. ತೈಲ ವೇದಿಕೆಯಿಂದ ಮರಳುತ್ತಿದ್ದ ಇಸಿ225 ಹೆಲಿಕಾಪ್ಟರ್‌ನ ಮುಖ್ಯ ರೋಟರ್, ಎಂದರೆ ಬ್ಲೇಡುಗಳ ಚಕ್ರವೇ, ಆಕಾಶದಲ್ಲೇ ಕಳಚಿಹೋಗಿ 13 ಮಂದಿ ಸತ್ತರು. ಗೇರ್‌ಬಾಕ್ಸ್‌ನಲ್ಲಿ ನಡುವಿನ ಗೇರಿನ ಸುತ್ತ ತಿರುಗುವ ಪ್ಲಾನೆಟ್ ಗೇರೊಂದರಲ್ಲಿ ಬಿರುಕು ಮೇಲ್ಮೈಯ ಅಡಿಯಲ್ಲೇ ಬೆಳೆದಿತ್ತು. ಲೋಹದ ಚೂರುಗಳು ಉದುರಿದ್ದೇ ಕಡಿಮೆಯಾದ್ದರಿಂದ, ಎಣ್ಣೆಯಲ್ಲಿ ಚೂರು ಹಿಡಿಯುವ ಅಯಸ್ಕಾಂತ ಎಚ್ಚರಿಸಲೇ ಇಲ್ಲ. ಸ್ಕಾಟ್ಲೆಂಡ್ ಕರಾವಳಿಯಲ್ಲಿ 2009ರಲ್ಲಿ 16 ಜನರನ್ನು ಬಲಿ ಪಡೆದ ಅಪಘಾತದಲ್ಲೂ ಮುರಿದದ್ದು ಅಂಥದೇ ಗೇರು.

ಕಣ್ಣಿಗೂ ಅಯಸ್ಕಾಂತಕ್ಕೂ ಸಿಗದ ಬಿರುಕಿನೆದುರು ನಮ್ಮ ಕೈಯಲ್ಲಿ ಉಳಿಯುವುದು, ಭಾಗವೊಂದು ಎಷ್ಟು ದುಡಿದಿದೆ ಎಂದು ಬರೆದಿಡುವ ಲಾಗ್ ಕಾರ್ಡು. ನಾನದನ್ನು ಭಾಗದ ಜಾತಕವೆನ್ನುತ್ತೇನೆ. ಕೆಲವು ಭಾಗಗಳ ಆಯುಷ್ಯವನ್ನು ಗಂಟೆಗಳ ಬದಲು ಹೆಲಿಕಾಪ್ಟರ್ ಇಳಿದ ಸಲಗಳಲ್ಲಿ ಎಣಿಸುತ್ತಾರೆ. ಮುಂಬೈ ಕಡಲಿನ ತೈಲಕ್ಷೇತ್ರವಾದ ಬಾಂಬೆ ಹೈನಲ್ಲಿ ರಿಗ್‌ನಿಂದ ರಿಗ್‌ಗೆ ಕುಪ್ಪಳಿಸುವ ಯಂತ್ರಕ್ಕೆ ಅದೇ ನ್ಯಾಯ. ಹೋದ ವರ್ಷ ಒಬ್ಬ ಸರಬರಾಜುದಾರರು ಕಳಿಸಿದ ಬಳಸಿದ ಭಾಗದ ಕಾರ್ಡಿನಲ್ಲಿ ನಡುವೆ ಕೆಲವು ತಿಂಗಳ ದಾಖಲೆಯೇ ಇರಲಿಲ್ಲ. "ಸ್ವಲ್ಪ ಗಂಟೆ ತಾನೆ" ಎಂಬ ಮಾತು ಬಂತು. ವಾಪಸು ಕಳಿಸಿದೆ.

ಮರುದಿನ ಆ ಹುಡುಗ ಇನ್ನೊಂದು ಕಾರ್ಡಿನಲ್ಲಿ ಇಳಿದ ಸಲ ಆರು ಎಂದು ಬರೆದಿದ್ದ. ಪೈಲಟ್ ಪುಸ್ತಕದಲ್ಲಿ ಏಳಿತ್ತು. ತಾನೇ ಕಂಡುಹಿಡಿದು, ಒಂದು ಗೆರೆ ಹೊಡೆದು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದ.