ಕೆನಡಾ ಮಾತ್ರೆ ಬರುತ್ತೆ ಅಂದಿದ್ದೆ

ನಾನು ಅಮೆರಿಕದ ಫ್ಲೋರಿಡಾದಲ್ಲಿ ಫಾರ್ಮಸಿಸ್ಟ್. 2024ರ ಜನವರಿ 5ರಂದು, ಕೆನಡಾದಿಂದ ಔಷಧಿ ತರಿಸುವ ಇಲ್ಲಿನ ರಾಜ್ಯ ಸರ್ಕಾರದ ಯೋಜನೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದುವರೆಗೆ ಬೇರೆ ಯಾವ ರಾಜ್ಯಕ್ಕೂ ಈ ಒಪ್ಪಿಗೆ ಸಿಕ್ಕಿರಲಿಲ್ಲ. ಅಲ್ಲಿಂದ ಮುಂದೆ ಕೌಂಟರ್‌ನಲ್ಲಿ ಒಂದೇ ಪ್ರಶ್ನೆ, ಕಡಿಮೆ ಬೆಲೆಯ ಮಾತ್ರೆ ಯಾವಾಗ ಬರುತ್ತೆ?

ಹಾಗೆ ಕೇಳಿದವರಲ್ಲಿ ಅರವತ್ತರ ಆಸುಪಾಸಿನ ಒಬ್ಬರಿದ್ದರು. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ, ಇನ್ಶೂರೆನ್ಸ್ ಇಲ್ಲ, ಪೂರ್ತಿ ದುಡ್ಡು ಕೈಯಿಂದಲೇ. "ಸದ್ಯದಲ್ಲೇ ಬರಬಹುದು ಸರ್" ಅಂದೆ. ಹೆಡ್‌ಲೈನ್ ಬಿಟ್ಟು ನಾನು ಬೇರೇನೂ ಓದಿರಲಿಲ್ಲ.

60 ಮಾತ್ರೆ, ದಿನಕ್ಕೆ ಎರಡು, 30 ದಿನಕ್ಕೆ ಮುಗಿಯಬೇಕು. ಅವರು ಮತ್ತೆ ಬಂದಿದ್ದು 52ನೇ ದಿನ. ತಾರೀಖು ನೋಡಿ ಕೇಳಿದರೆ ಜೇಬಿನಿಂದ ಡಬ್ಬಿ ತೆಗೆದು ಅಲ್ಲಾಡಿಸಿದರು, ತಳದಲ್ಲಿ ಇನ್ನೂ ಎಂಟು ಮಾತ್ರೆ. ಕೆನಡಾದ್ದು ಬರುವ ತನಕ ಹೇಗೋ ಎಳೆಯೋಣ ಅಂತ ದಿನಕ್ಕೆ ಒಂದೇ ತಗೊಂಡಿದ್ದರು. "ಸದ್ಯದಲ್ಲೇ ಅಂತ ನೀವೇ ಹೇಳಿದ್ರಲ್ವಾ" ಅಂದರು. ಎದೆ ಧಸಕ್ ಅಂತು. ಈ ಮಾತ್ರೆ ಅರ್ಧ ತಗೊಂಡರೆ ಪಾರ್ಶ್ವವಾಯು ಹೊಡೆಯುವ ಅಪಾಯ ಇದೆ. ಅಲ್ಲೇ ನಿಂತು ಅವರ ಡಾಕ್ಟರಿಗೆ ಫೋನ್ ಮಾಡಿದೆ, ಮಾತ್ರೆ ಮಾಡುವ ಕಂಪನಿ ಕೊಡುವ ನೆರವಿಗೆ ಅರ್ಜಿ ತುಂಬಿಸಿದೆ.

ಆ ರಾತ್ರಿ ಕೂತು ಎಲ್ಲ ಓದಿದೆ. ಕೆನಡಾದಿಂದ ಔಷಧಿ ತರಿಸುವ ಕಾನೂನನ್ನು ಫ್ಲೋರಿಡಾ ಮಾಡಿದ್ದೇ 2019ರಲ್ಲಿ, ಅದಕ್ಕೂ ಮೊದಲು 2018ರಲ್ಲಿ ವರ್ಮಾಂಟ್ ರಾಜ್ಯ ಮಾಡಿತ್ತು. ಒಪ್ಪಿಗೆ ಸಿಕ್ಕ ಮೇಲೂ ಪ್ರತಿ ಔಷಧಿಯ ವಿವರ ಎಫ್‌ಡಿಎಗೆ ಕಳಿಸಬೇಕು, ಪರೀಕ್ಷೆ ಮಾಡಿಸಬೇಕು, ಲೇಬಲ್ ಬದಲಿಸಬೇಕು. ಅಷ್ಟಾಗಿ ಬಂದರೂ ಮೊದಲು ಹೋಗುವುದು ಜೈಲಿನಲ್ಲಿರುವವರಿಗೆ, ಕೌಂಟಿಗಳ (ಇಲ್ಲಿನ ಜಿಲ್ಲೆಗಳ) ಆರೋಗ್ಯ ಇಲಾಖೆಗಳಿಗೆ, ಅಂದರೆ ಸರ್ಕಾರವೇ ಔಷಧಿ ಕೊಡುವ ಜನರಿಗೆ. ನನ್ನ ಕೌಂಟರ್ ಮುಂದೆ ನಿಂತವರಿಗಲ್ಲ. ಇನ್ಸುಲಿನ್ ಅಂತೂ ತರಿಸಬಹುದಾದ ಔಷಧಿಗಳ ಪಟ್ಟಿಗೇ ಸೇರುವ ಹಾಗಿಲ್ಲ. ಭಾರತದಿಂದ ತರಿಸೋಕೆ ಆಗಲ್ವಾ ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಾರೆ, ಈ ದಾರಿ ಕೆನಡಾಕ್ಕೆ ಮಾತ್ರ. ಆ ಕಡೆ ಕೆನಡಾವೂ, ತನ್ನ ಜನಕ್ಕೆ ಕೊರತೆ ಆಗುವುದಾದರೆ ಔಷಧಿ ಹೊರಗೆ ಮಾರಬಾರದು ಅಂತ 2020ರಲ್ಲೇ ಆದೇಶ ಹೊರಡಿಸಿದೆ. ಸುಮಾರು 4 ಕೋಟಿ ಜನರ ದೇಶ, ಅವರ ಚಿಂತೆಯೂ ನ್ಯಾಯವೇ.

ಬೆಲೆ ಇಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಯಾರಾದರೂ ಕೆನಡಾ ಮಾತ್ರೆ ಅಂದ ತಕ್ಷಣ, ಅದು ಯಾರಿಗೆ ಸಿಗುತ್ತೆ ಅಂತ ಮೊದಲು ಹೇಳುತ್ತೇನೆ. ಆಮೇಲೆ, ಮನೆಯಲ್ಲಿ ಎಷ್ಟು ಮಾತ್ರೆ ಉಳಿದಿದೆ, ದಿನಕ್ಕೆ ಎಷ್ಟು ತಗೊಳ್ಳುತ್ತಿದ್ದೀರಿ ಅಂತ ಕೇಳುತ್ತೇನೆ.