ಥಂಬ್ಸ್ ಅಪ್ ಒತ್ತಿದ ರೈತ, ಹಿಮ ತೆಗೆಯುವ ಕರಾರು: ಕೆನಡಾದ ಬಿಸಿನೆಸ್ ಲಾ ಓದುವವರಿಗೆ

ಕೆನಡಾಕ್ಕೆ ಬಂದು ಮೊದಲ ಸೆಮಿಸ್ಟರ್‌ನಲ್ಲೇ ಬಿಸಿನೆಸ್ ಲಾ ಪೇಪರ್ ಸಿಕ್ಕಿದ ನಮ್ಮ ಕಡೆಯ ಮಕ್ಕಳಿಗೆ ನಾನು ಮೊದಲು ಹೇಳುವ ಮಾತು ಒಂದೇ: ಸೆಕ್ಷನ್ ನಂಬರ್ ಬಾಯಿಪಾಠ ಮಾಡಬೇಡಿ, ತೀರ್ಪು ಓದಿ.

ನಾನು ದಾವಣಗೆರೆಯಲ್ಲಿ ಬಿ.ಕಾಂ. ಮಾಡಿದವಳು. ಈಗ ಒಂಟಾರಿಯೋದ ಕಿಚನರ್‌ನಲ್ಲಿ ಪ್ಯಾರಾಲೀಗಲ್. ವಕೀಲೆ ಅಲ್ಲ, ಆದರೆ ಇಲ್ಲಿನ ಲಾ ಸೊಸೈಟಿ ಕೊಡುವ ಲೈಸೆನ್ಸ್ ಇದೆ. ಸಣ್ಣ ಮೊತ್ತದ ದಾವೆ ನಡೆಯುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಕಕ್ಷಿದಾರರ ಪರ ವಾದ ಮಾಡಬಹುದು. ಭಾನುವಾರ ಲೈಬ್ರರಿಯಲ್ಲಿ ಕೆಲವು ವಿದ್ಯಾರ್ಥಿಗಳ ಜೊತೆ ಕೂತು ಈ ಪೇಪರ್ ಓದಿಸುತ್ತೇನೆ. ಹುಬ್ಬಳ್ಳಿ, ತುಮಕೂರು, ಮಂಗಳೂರು ಕಡೆಯವರೆಲ್ಲ ಬರುತ್ತಾರೆ. ಬಂದವರು ಮೊದಲು ಕೇಳುವುದು, "ಅಕ್ಕಾ, ಇಲ್ಲಿನ ಕಾಂಟ್ರಾಕ್ಟ್ ಆಕ್ಟ್ ಯಾವುದು?"

ಹಾಗೊಂದು ಆಕ್ಟ್ ಇಲ್ಲಿ ಇಲ್ಲ. ನಮ್ಮಲ್ಲಿ 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್ ಇದೆ. ಆಫರ್ ಅಂದರೇನು, ಒಪ್ಪಿಗೆ ಅಂದರೇನು, ಎಲ್ಲಕ್ಕೂ ಅಲ್ಲಿ ಸೆಕ್ಷನ್ ಇದೆ. ಕೆನಡಾದ ಹೆಚ್ಚಿನ ಪ್ರಾಂತ್ಯಗಳಲ್ಲಿ ಕರಾರಿನ ಮೂಲ ಕಾನೂನು ಇರುವುದು ಕೋರ್ಟ್ ತೀರ್ಪುಗಳಲ್ಲಿ. ಕ್ವಿಬೆಕ್ ಮಾತ್ರ ಬೇರೆ. ಅಲ್ಲಿ 1994ರಿಂದ ಜಾರಿಯಲ್ಲಿರುವ ಸಿವಿಲ್ ಕೋಡ್ ಇದೆ, ಫ್ರೆಂಚ್ ಸಂಪ್ರದಾಯದ್ದು. ಮಾಂಟ್ರಿಯಲ್‌ನಲ್ಲಿ ಓದುವ ಗೆಳೆಯರ ನೋಟ್ಸ್ ತಂದು ಟೊರೊಂಟೋದ ಪರೀಕ್ಷೆಗೆ ಓದಿದರೆ ಉಪಯೋಗ ಇಲ್ಲ.

ಯಾವ ವಿಷಯ ಯಾರ ಕೈಯಲ್ಲಿ ಅನ್ನುವುದು 1867ರ ಸಂವಿಧಾನದ 91 ಮತ್ತು 92ನೇ ಸೆಕ್ಷನ್‌ಗಳಲ್ಲಿದೆ. ಈ ಎರಡು ನಂಬರ್ ಮಾತ್ರ ನೆನಪಿರಲಿ. ಬ್ಯಾಂಕು, ದಿವಾಳಿ, ಪೇಟೆಂಟ್, ಕಾಪಿರೈಟ್, ಕ್ರಿಮಿನಲ್ ಕಾನೂನು ಫೆಡರಲ್ ಸರ್ಕಾರದ್ದು. ಆಸ್ತಿ ಮತ್ತು ಸಿವಿಲ್ ಹಕ್ಕು ಪ್ರಾಂತ್ಯಗಳದ್ದು. ಕರಾರು, ಬಾಡಿಗೆ ಮನೆ, ಹೆಚ್ಚಿನ ನೌಕರಿಗಳ ನಿಯಮ ಎಲ್ಲ ಇದರೊಳಗೇ ಬರುತ್ತವೆ. ಅದಕ್ಕೇ ಒಂಟಾರಿಯೋದ ನಿಯಮ ಬ್ರಿಟಿಷ್ ಕೊಲಂಬಿಯಾದಲ್ಲಿ ಹಾಗೇ ನಡೆಯುವುದಿಲ್ಲ. ಒಂಟಾರಿಯೋದಲ್ಲಿ ವಯಸ್ಕರಾಗುವುದು 18ಕ್ಕೆ, ಅಲ್ಲಿ 19ಕ್ಕೆ.

ಈಗ ತೀರ್ಪುಗಳಿಗೆ ಬರೋಣ. ನಾನು ಯಾವಾಗಲೂ ಶುರು ಮಾಡುವುದು ಸಸ್ಕಾಚೆವಾನ್‌ನ ಅಗಸೆ ಕೇಸಿನಿಂದ.

2021ರ ಮಾರ್ಚ್. ಸೌತ್ ವೆಸ್ಟ್ ಟರ್ಮಿನಲ್ ಎಂಬ ಧಾನ್ಯ ಖರೀದಿ ಕಂಪನಿಯವರು ಒಬ್ಬ ರೈತನ ಜೊತೆ ಫೋನಿನಲ್ಲಿ ಮಾತಾಡಿದರು. ಬುಷೆಲ್‌ಗೆ (ಇಲ್ಲಿ ಧಾನ್ಯ ಅಳೆಯುವ ಲೆಕ್ಕ) 17 ಡಾಲರ್‌ನಂತೆ ಅಗಸೆ, ನವೆಂಬರ್‌ನಲ್ಲಿ ಕೊಡಬೇಕು. ಕಂಪನಿಯವನು ಕರಾರು ಪತ್ರಕ್ಕೆ ಸಹಿ ಹಾಕಿ, ಅದರ ಫೋಟೋ ತೆಗೆದು, ದಯವಿಟ್ಟು ಖಚಿತಪಡಿಸಿ ಎಂದು ಮೆಸೇಜ್ ಕಳಿಸಿದ. ರೈತ ಥಂಬ್ಸ್ ಅಪ್ ಎಮೋಜಿ ಒತ್ತಿದ. ಅಷ್ಟೇ. ನವೆಂಬರ್ ಬಂತು, ಅಗಸೆ ಬರಲಿಲ್ಲ. ಅಷ್ಟರಲ್ಲಿ ಬೆಲೆ ಬುಷೆಲ್‌ಗೆ 41 ಡಾಲರ್‌ಗೆ ಏರಿತ್ತು.

ರೈತನ ವಾದ: ಮೆಸೇಜ್ ಬಂತು ಅಂತ ತಿಳಿಸಿದೆ, ಕರಾರಿಗೆ ಒಪ್ಪಿದೆ ಅಂತ ಅಲ್ಲ. ಕೇಳಿದರೆ ಸರಿ ಅನಿಸುತ್ತದೆ ಅಲ್ವಾ? ನಾವೂ ದಿನಕ್ಕೆ ಎಷ್ಟೋ ಸಲ ಹಾಗೇ ಒತ್ತುತ್ತೇವೆ. ಆದರೆ ಕೋರ್ಟ್ ಅವನ ಮನಸ್ಸಿನಲ್ಲಿ ಏನಿತ್ತು ಅಂತ ಹುಡುಕಲಿಲ್ಲ. ಇವರಿಬ್ಬರ ಹಿಂದಿನ ವ್ಯವಹಾರ ಗೊತ್ತಿರುವ ಮೂರನೆಯವನೊಬ್ಬ ಇದನ್ನು ನೋಡಿದರೆ ಏನು ಅಂದುಕೊಳ್ಳುತ್ತಾನೆ ಅಂತ ಕೇಳಿತು. ಹಿಂದೆ ಇದೇ ರೈತ ಇಂಥದ್ದೇ ಮೆಸೇಜ್‌ಗಳಿಗೆ ಒಂದೆರಡು ಪದದಲ್ಲಿ "ಓಕೆ", "ಯಪ್" ಅಂತ ಉತ್ತರ ಕೊಟ್ಟು, ಮಾಲು ಸರಿಯಾಗಿ ತಲುಪಿಸಿದ್ದ. ಹಾಗಾಗಿ ಈ ಸಲದ ಎಮೋಜಿಯೂ ಒಪ್ಪಿಗೆಯೇ. ಅವನದೇ ಫೋನಿನಿಂದ ಬಂದಿದ್ದರಿಂದ ಸಹಿಯೂ ಹೌದು. 2023ರ ತೀರ್ಪಿನಲ್ಲಿ 82,200 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಪರಿಹಾರ ಕಟ್ಟಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಪ್ರಾಂತ್ಯದ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು.

ಈ ಒಂದು ಕೇಸಿನಲ್ಲಿ ಅರ್ಧ ಪುಸ್ತಕ ಇದೆ. ಆಫರ್, ಒಪ್ಪಿಗೆ, ಹೊರಗಿನಿಂದ ಕಾಣುವ ಉದ್ದೇಶ, ಲಿಖಿತ ಕರಾರಿಗೆ ಸಹಿ ಅಂದರೇನು, ಪರಿಹಾರದ ಲೆಕ್ಕ ಹೇಗೆ, ಎಲ್ಲವೂ. ಕರಾರಿನ ಬೆಲೆಗೂ ಮಾರುಕಟ್ಟೆ ಬೆಲೆಗೂ ಇರುವ ಅಂತರವನ್ನು ಮಾಲಿನ ಪ್ರಮಾಣದಿಂದ ಗುಣಿಸಿ ನೋಡಿ, ಪರಿಹಾರದ ಮೊತ್ತ ಎಲ್ಲಿಂದ ಬಂತು ಅಂತ ತಾನಾಗಿ ಅರ್ಥವಾಗುತ್ತದೆ.

ಹಾಗಾದರೆ ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತಾ? ಇಲ್ಲ. 1978ರ ಟಿಲ್ಡನ್ ಕಾರ್ ಬಾಡಿಗೆ ಕೇಸ್ ಓದಿ. ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಒಬ್ಬರು ಕಾರ್ ಬಾಡಿಗೆಗೆ ತೆಗೆದುಕೊಂಡರು. ಕಾರಿಗೆ ಹಾನಿಯಾದರೆ ಹೆಚ್ಚಿನ ರಕ್ಷಣೆ ಬೇಕಾ ಅಂದಾಗ ಹೂಂ ಅಂದು, ಹಣ ಕೊಟ್ಟು, ಓದದೆ ಸಹಿ ಹಾಕಿದರು. ಓದುತ್ತಿಲ್ಲ ಅಂತ ಕೌಂಟರಿನಲ್ಲಿದ್ದವರಿಗೂ ಗೊತ್ತು. ಹಿಂಬದಿಯ ಸಣ್ಣ ಅಕ್ಷರದಲ್ಲಿ, ಎಷ್ಟೇ ಸ್ವಲ್ಪ ಮದ್ಯ ಕುಡಿದು ಓಡಿಸಿದರೂ ಆ ರಕ್ಷಣೆ ಇಲ್ಲ ಅಂತ ಬರೆದಿತ್ತು. ಅವರು ಸ್ವಲ್ಪ ಕುಡಿದಿದ್ದರು, ಕಾರು ಕಂಬಕ್ಕೆ ಹೊಡೆಯಿತು. ಒಂಟಾರಿಯೋದ ಮೇಲ್ಮನವಿ ಕೋರ್ಟ್ ಹೇಳಿದ್ದು ಇಷ್ಟು: ಅಷ್ಟು ಕಠಿಣವಾದ, ಯಾರೂ ನಿರೀಕ್ಷಿಸದ ಷರತ್ತನ್ನು ಗ್ರಾಹಕನ ಗಮನಕ್ಕೆ ತರುವ ಪ್ರಯತ್ನ ಮಾಡದೆ, ಬರೀ ಸಹಿ ತೋರಿಸಿ ಅದನ್ನು ಹೇರುವಂತಿಲ್ಲ.

ಇದರ ಮುಂದಿನ ಹೆಜ್ಜೆ 2020ರ ಊಬರ್ ಕೇಸ್. ಪುಸ್ತಕದಲ್ಲಿ ಅದರ ಹೆಸರು ಊಬರ್ ವರ್ಸಸ್ ಹೆಲ್ಲರ್. ಡೆಲಿವರಿ ಮಾಡಿಕೊಂಡು ಓದುವ ಮಕ್ಕಳು ಇದನ್ನು ಎರಡು ಸಲ ಓದಬೇಕು ಅನ್ನುವುದು ನನ್ನ ಆಸೆ. ಟೊರೊಂಟೋದಲ್ಲಿ ಊಬರ್ ಈಟ್ಸ್ ಓಡಿಸುತ್ತಿದ್ದವನ ಕೇಸ್ ಅದು. ವಾರಕ್ಕೆ 40ರಿಂದ 50 ಗಂಟೆ ದುಡಿದು 400ರಿಂದ 600 ಡಾಲರ್ ಗಳಿಸುತ್ತಿದ್ದ. ಆ್ಯಪ್‌ನಲ್ಲಿ ಒಪ್ಪಿಗೆ ಒತ್ತಿದ ಕರಾರಿನ ಪ್ರಕಾರ, ಕಂಪನಿಯ ಜೊತೆ ತಕರಾರು ಬಂದರೆ ನೆದರ್ಲೆಂಡ್ಸ್‌ನಲ್ಲಿ ಮಧ್ಯಸ್ಥಿಕೆಗೆ ಹೋಗಬೇಕಿತ್ತು. ಶುರು ಮಾಡಲಿಕ್ಕೇ 14,500 ಅಮೆರಿಕನ್ ಡಾಲರ್ ಶುಲ್ಕ. ವಕೀಲರ ಖರ್ಚು, ಪ್ರಯಾಣದ ಖರ್ಚು ಬೇರೆ. ಅವನ ಒಂದು ವರ್ಷದ ದುಡಿಮೆಯ ದೊಡ್ಡ ಪಾಲು ಬಾಗಿಲು ತಟ್ಟಲಿಕ್ಕೇ ಬೇಕಾಗಿತ್ತು. ಸುಪ್ರೀಂ ಕೋರ್ಟ್ ಎರಡು ವಿಷಯ ನೋಡಿತು. ಇಬ್ಬರ ನಡುವೆ ಚೌಕಾಸಿ ಶಕ್ತಿಯಲ್ಲಿ ಅಸಮಾನತೆ ಇತ್ತೇ? ಕರಾರು ಒಬ್ಬರಿಗೆ ತೀರಾ ನಷ್ಟದ್ದೇ? ಎರಡೂ ಹೌದು. ಆ ಷರತ್ತು ಬಿದ್ದುಹೋಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ತೀರ್ಪು ಮಾತ್ರ ಕ್ಯಾಲೊ ಕೇಸ್. ಅದೂ 2020ರದ್ದೇ, ಸುಪ್ರೀಂ ಕೋರ್ಟಿನದ್ದೇ. ಒಟ್ಟಾವಾದ ಕೆಲವು ಕಾಂಡೋಗಳು, ಅಂದರೆ ವಸತಿ ಸಮುಚ್ಚಯಗಳು, ಚಳಿಗಾಲದಲ್ಲಿ ಹಿಮ ತೆಗೆಯಲು ಕ್ಯಾಲೊ ಎಂಬ ಕಾಂಟ್ರಾಕ್ಟರ್ ಜೊತೆ ಎರಡು ವರ್ಷದ ಕರಾರು ಮಾಡಿಕೊಂಡಿದ್ದವು. ಹತ್ತು ದಿನದ ನೋಟಿಸ್ ಕೊಟ್ಟು ಕಾಂಡೋದವರು ಕರಾರು ಮುಗಿಸಬಹುದಿತ್ತು. 2013ರ ವಸಂತದ ಹೊತ್ತಿಗೇ ಮುಗಿಸುವುದು ಅಂತ ಅವರು ತೀರ್ಮಾನಿಸಿಬಿಟ್ಟರು. ಆದರೆ ಅವನಿಗೆ ಹೇಳಲಿಲ್ಲ. ಬದಲಿಗೆ ಕರಾರು ಮುಂದುವರಿಯುತ್ತದೆ ಅನ್ನುವ ಭಾವನೆ ಬರುವಂತೆ ನಡೆದುಕೊಂಡರು. ಅವನು ಆ ಬೇಸಿಗೆಯಲ್ಲಿ ಪುಕ್ಕಟೆಯಾಗಿ ಹೆಚ್ಚಿನ ಕೆಲಸ ಮಾಡಿಕೊಟ್ಟ. ಒಳ್ಳೆ ಕೆಲಸ ಮಾಡಿದರೆ ಮತ್ತೆ ಕೊಡುತ್ತಾರೆ ಅನ್ನುವ ನಂಬಿಕೆ. ಬೇರೆ ಕಡೆ ಚಳಿಗಾಲದ ಕೆಲಸ ಹುಡುಕಲಿಲ್ಲ. ಸೆಪ್ಟೆಂಬರ್‌ನಲ್ಲಿ ನೋಟಿಸ್ ಕೈಗೆ ಬಂತು.

ಹತ್ತು ದಿನದ ನೋಟಿಸ್ ಕೊಟ್ಟಿದ್ದಾರಲ್ಲ, ಕರಾರಿನಂತೆ ಸರಿ ಇದೆಯಲ್ಲ ಅಂತ ನನ್ನ ಜೊತೆ ಓದುವವರು ಬಹಳ ಸಲ ಕೇಳುತ್ತಾರೆ. ಕೋರ್ಟಿನ ಉತ್ತರ: ಕರಾರು ಮುಗಿಸುವ ಹಕ್ಕು ನಿಮಗಿದೆ, ಆದರೆ ಆ ಹಕ್ಕನ್ನು ಬಳಸುವಾಗ ಎದುರಿನವನಿಗೆ ಗೊತ್ತಿದ್ದೂ ತಪ್ಪು ಭಾವನೆ ಕೊಡಬಾರದು. ಕರಾರನ್ನು ಪ್ರಾಮಾಣಿಕವಾಗಿ ನಡೆಸಬೇಕು ಅನ್ನುವ ಈ ಕರ್ತವ್ಯವನ್ನು ಸುಪ್ರೀಂ ಕೋರ್ಟ್ 2014ರ ಭಸಿನ್ ಕೇಸಿನಲ್ಲಿ ಮೊದಲು ಸ್ಪಷ್ಟವಾಗಿ ಹೇಳಿತ್ತು. ಕರಾರಿನಲ್ಲಿ ಬರೆದಿರಲಿ ಬಿಡಲಿ, ಅದು ಎಲ್ಲ ಕರಾರಿಗೂ ಅನ್ವಯ. ಬೇಡ ಅಂತ ಬರೆದುಕೊಂಡು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಕ್ಯಾಲೊಗೆ ಕೆಳ ಕೋರ್ಟ್ ಕೊಟ್ಟಿದ್ದ ಸುಮಾರು 80,000 ಡಾಲರ್ ಪರಿಹಾರ ಮರಳಿ ಸಿಕ್ಕಿತು. ವ್ಯಾಪಾರದಲ್ಲಿ ಸುಳ್ಳು ಸಹಜ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ದೇಶದ ದೊಡ್ಡ ಕೋರ್ಟ್ ಅದನ್ನು ಒಪ್ಪಲಿಲ್ಲ ಅನ್ನುವುದು ನನಗೆ ಬಹಳ ಸಮಾಧಾನ ಕೊಡುವ ವಿಷಯ.

ಊರಿನಲ್ಲಿ ಓದಿದ್ದು ವ್ಯರ್ಥ ಅಂತ ಮಾತ್ರ ತಿಳಿಯಬೇಡಿ. ಎರಡೂ ದೇಶದ ಕರಾರಿನ ಕಾನೂನು ಇಂಗ್ಲೆಂಡಿನ ಕಾಮನ್ ಲಾದಿಂದಲೇ ಬಂದದ್ದು. 1949ರವರೆಗೆ ಕೆನಡಾದ ಸಿವಿಲ್ ಕೇಸೂ ನಮ್ಮ ಕೇಸೂ ಕೊನೆಗೆ ಹೋಗುತ್ತಿದ್ದುದು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೇ. ಆದರೆ ಎಡವುವ ಜಾಗಗಳಿವೆ. ಬಿ.ಕಾಂ.ನಲ್ಲಿ ಓದಿದ ಮೊಹೊರಿ ಬೀಬಿ ಕೇಸ್ ನೆನಪಿದೆಯಾ, 1903ರದ್ದು? ಅದರ ಪ್ರಕಾರ ನಮ್ಮಲ್ಲಿ ಅಪ್ರಾಪ್ತ ವಯಸ್ಕರ ಕರಾರು ಶುರುವಿನಿಂದಲೇ ಶೂನ್ಯ. ಇಲ್ಲಿ ಸಾಮಾನ್ಯವಾಗಿ ಹಾಗಲ್ಲ. ಅಪ್ರಾಪ್ತರು ಬೇಕಾದರೆ ಅದರಿಂದ ಹೊರಬರಬಹುದು, ಎದುರಿನವರು ಬರುವಂತಿಲ್ಲ. ಊಟ, ಬಟ್ಟೆಯಂಥ ಅಗತ್ಯ ವಸ್ತುಗಳಿಗೆ ಮಾತ್ರ ನ್ಯಾಯವಾದ ಬೆಲೆ ಕೊಡಲೇಬೇಕು. ಹಾಗೇ ಚಿನ್ನಯ್ಯ ಕೇಸಿನಂತೆ ಪ್ರತಿಫಲ, ಅಂದರೆ ಕೊಟ್ಟ ಮಾತಿಗೆ ಬದಲಾಗಿ ಸಿಗುವುದು, ಮೂರನೆಯವರಿಂದ ಬಂದರೂ ನಮ್ಮಲ್ಲಿ ನಡೆಯುತ್ತದೆ. ಇಲ್ಲಿ ಮಾತು ಪಡೆದವರಿಂದಲೇ ಬರಬೇಕು. ಹಿಂದೆ ಮಾಡಿಕೊಟ್ಟ ಉಪಕಾರವೂ ಇಲ್ಲಿ ಪ್ರತಿಫಲ ಆಗುವುದಿಲ್ಲ. ಮಿಡ್‌ಟರ್ಮ್‌ನಲ್ಲಿ ನಮ್ಮವರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಟಾರ್ಟ್, ಅಂದರೆ ಕರಾರು ಇಲ್ಲದಿದ್ದರೂ ಇನ್ನೊಬ್ಬರಿಗೆ ಮಾಡಿದ ಹಾನಿಗೆ ಹೊಣೆ ಹೊರಿಸುವ ಕಾನೂನು, ಅದರ ಬಗ್ಗೆ ಒಂದೇ ಕೇಸ್ ಹೇಳಿ ಮುಂದೆ ಹೋಗುತ್ತೇನೆ. ಒಂಟಾರಿಯೋದ ವಿಂಡ್ಸರ್‌ನಲ್ಲಿ ಒಬ್ಬರು ಕುಡಿಯುವ ನೀರಿನ ದೊಡ್ಡ ಬಾಟಲ್ ಬದಲಾಯಿಸುವಾಗ ಒಳಗೆ ಸತ್ತ ನೊಣ ಕಂಡರು. ನೀರು ಕುಡಿದಿರಲಿಲ್ಲ, ಬರೀ ನೋಡಿದ್ದು. ಅದರಿಂದ ಅವರಿಗೆ ನಿಜಕ್ಕೂ ಗಂಭೀರ ಖಿನ್ನತೆ ಬಂತು. ಕೆಳ ಕೋರ್ಟ್ ಮೂರು ಲಕ್ಷ ಡಾಲರ್‌ಗೂ ಮೀರಿ ಪರಿಹಾರ ಕೊಟ್ಟಿತು. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಪೈಸೆಯೂ ಇಲ್ಲ ಅಂದಿತು. ಕಂಪನಿಗೆ ಕರ್ತವ್ಯ ಇತ್ತು, ಅದು ತಪ್ಪಿತು, ಹಾನಿಯೂ ಆಯಿತು. ಆದರೆ ಸಾಮಾನ್ಯ ಮನೋಬಲದ ಒಬ್ಬರಿಗೆ ನೊಣ ನೋಡಿ ಇಷ್ಟು ಆಗುತ್ತದೆ ಅಂತ ಮೊದಲೇ ಊಹಿಸಲು ಸಾಧ್ಯವಿರಲಿಲ್ಲ. ನಾಲ್ಕು ಮೆಟ್ಟಿಲಲ್ಲಿ ಮೂರು ಹತ್ತಿ ನಾಲ್ಕನೆಯದರಲ್ಲಿ ನಿಂತ ಕೇಸ್ ಇದು. ನೆಗ್ಲಿಜೆನ್ಸ್ (ನಿರ್ಲಕ್ಷ್ಯ) ಪ್ರಶ್ನೆಗೆ ಉತ್ತರ ಬರೆಯುವಾಗಲೂ ಹೀಗೇ ಒಂದೊಂದಾಗಿ ಹೋಗಿ.

ವ್ಯಾಪಾರದ ಸ್ವರೂಪದ ಪಾಠ ಸುಲಭ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಇಬ್ಬರು ರೂಮ್‌ಮೇಟ್‌ಗಳು ವಾರಾಂತ್ಯಕ್ಕೆ ಬಿಸಿಬೇಳೆಬಾತ್ ಮಾಡಿ ವಾಟ್ಸಾಪ್ ಗ್ರೂಪಿನಲ್ಲಿ ಮಾರುತ್ತಾರೆ, ಲಾಭ ಹಂಚಿಕೊಳ್ಳುತ್ತಾರೆ ಅಂತಿಟ್ಟುಕೊಳ್ಳಿ. ಯಾವ ಪತ್ರಕ್ಕೂ ಸಹಿ ಹಾಕಿಲ್ಲ. ಆದರೂ ಲಾಭಕ್ಕಾಗಿ ಇಬ್ಬರೂ ಸೇರಿ ವ್ಯಾಪಾರ ನಡೆಸುತ್ತಿದ್ದರೆ ಕಾನೂನಿನ ಕಣ್ಣಿಗೆ ಅದು ಪಾಲುದಾರಿಕೆ. ಒಬ್ಬಳು ವ್ಯಾಪಾರಕ್ಕೆಂದು ಸಾಲದಲ್ಲಿ ದಿನಸಿ ತಂದರೆ ಇನ್ನೊಬ್ಬಳೂ ಹೊಣೆ. ಅಡುಗೆ ಮಾರಲು ಪಬ್ಲಿಕ್ ಹೆಲ್ತ್ ನಿಯಮ ಬೇರೆ ಇದೆ. ಸ್ಟಡಿ ಪರ್ಮಿಟ್‌ನಲ್ಲಿ ಇರುವವರಿಗೆ ಸ್ವಂತ ವ್ಯಾಪಾರವೂ ಕೆಲಸವೇ. 2024ರ ನವೆಂಬರ್‌ನಿಂದ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಮಿತಿ. ಆ ಗಂಟೆಗಳಲ್ಲಿ ಇದೂ ಸೇರುತ್ತದೆ.

ಕಂಪನಿ ನೋಂದಾಯಿಸಿದರೆ ಹೊಣೆ ಕಂಪನಿಗೆ, ನಿಮಗಲ್ಲ. ಇದನ್ನೇ ಹೇಳಿದ 1897ರ ಸಾಲೊಮನ್ ಕೇಸ್ ಇಲ್ಲೂ ಪಾಠದಲ್ಲಿದೆ. ಆದರೆ ಹೊಸ ಕಂಪನಿಗೆ ಸಾಲ ಕೊಡುವ ಬ್ಯಾಂಕು, ಅಂಗಡಿ ಬಾಡಿಗೆಗೆ ಕೊಡುವ ಮಾಲೀಕರು ಸಾಮಾನ್ಯವಾಗಿ ನಿಮ್ಮ ವೈಯಕ್ತಿಕ ಗ್ಯಾರಂಟಿ ಕೇಳುತ್ತಾರೆ. ಅದಕ್ಕೆ ಸಹಿ ಹಾಕಿದ ಸಾಲದ ಮಟ್ಟಿಗೆ ಆ ರಕ್ಷಣೆ ಹೋದಂತೆಯೇ.

ತೀರ್ಪು ಓದುವುದು ಎಲ್ಲಿ ಅಂದರೆ, ಕ್ಯಾನ್‌ಲಿ ಅನ್ನುವ ಸೈಟ್. ದೇಶದ ಲಾ ಸೊಸೈಟಿಗಳ ಒಕ್ಕೂಟದ ದುಡ್ಡಿನಲ್ಲಿ ನಡೆಯುತ್ತದೆ, ಪೂರ್ತಿ ಉಚಿತ. ಮೊದಲು ಏನು ನಡೆಯಿತು ಅನ್ನುವ ಭಾಗ ಮಾತ್ರ ಓದಿ ನಿಲ್ಲಿಸಿ. ನೀವೇ ಜಡ್ಜ್ ಆಗಿದ್ದರೆ ಏನು ಹೇಳುತ್ತಿದ್ದಿರಿ ಅಂತ ನಾಲ್ಕು ಸಾಲು ಬರೆಯಿರಿ. ಆಮೇಲೆ ಮುಂದೆ ಓದಿ.

ಕೊನೆಯದು ನೌಕರಿ. ಇದು ಪರೀಕ್ಷೆಗೂ ಬೇಕು, ನಿಮ್ಮ ಜೀವನಕ್ಕೂ ಬೇಕು. ಒಂಟಾರಿಯೋದಲ್ಲಿ 2025ರ ಅಕ್ಟೋಬರ್ 1ರಿಂದ ಕನಿಷ್ಠ ವೇತನ ಗಂಟೆಗೆ 17.60 ಡಾಲರ್. ಹೆಚ್ಚಿನ ನೌಕರಿಗಳಲ್ಲಿ ವಾರಕ್ಕೆ 44 ಗಂಟೆ ಮೀರಿದರೆ ಒಂದೂವರೆ ಪಟ್ಟು. ಮೊದಲ ಐದು ವರ್ಷ ರಜಾ ವೇತನ ಸಂಬಳದ ಕನಿಷ್ಠ ಶೇಕಡಾ 4. ಅಂಗಡಿಯಲ್ಲಿ, ಹೋಟೆಲಿನಲ್ಲಿ "ಮೊದಲ ವಾರ ಟ್ರೇನಿಂಗ್, ಸಂಬಳ ಇಲ್ಲ" ಅಂದರೆ ಸುಮ್ನೆ ತಲೆ ಆಡಿಸಬೇಡಿ. ನೌಕರರು ಮಾಡುವ ಕೆಲಸವನ್ನೇ ಕಲಿಸಿ ಮಾಡಿಸಿಕೊಂಡರೆ ಅದಕ್ಕೂ ವೇತನ ಕೊಡಬೇಕು. "ಇಂಟರ್‌ನ್ಯಾಷನಲ್ ಸ್ಟೂಡೆಂಟ್‌ಗೆ ಇದೆಲ್ಲ ಅನ್ವಯಿಸಲ್ಲ" ಅನ್ನುವ ಮಾತನ್ನು ನಾನು ಬಹಳ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಯಾರೋ ಅವರಿಗೆ ಹಾಗೆ ಹೇಳಿ ಹೆದರಿಸಿರುತ್ತಾರೆ. ಖಂಡಿತ ಅನ್ವಯಿಸುತ್ತದೆ.

ಬಾಕಿ ಸಂಬಳಕ್ಕೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಶುಲ್ಕ ಇಲ್ಲ. ಸಾಮಾನ್ಯವಾಗಿ ಎರಡು ವರ್ಷದೊಳಗೆ ಕೊಡಬೇಕು. ಸ್ಮಾಲ್ ಕ್ಲೇಮ್ಸ್ ಕೋರ್ಟಿಗೂ ಹೋಗಬಹುದು. ಅಲ್ಲಿನ ಮಿತಿ 2025ರ ಅಕ್ಟೋಬರ್‌ನಿಂದ 35,000 ಡಾಲರ್‌ನಿಂದ 50,000ಕ್ಕೆ ಏರಿದೆ. ಅದೇ ಸಂಬಳಕ್ಕೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಶಿಫ್ಟ್ ಹಾಕಿದ ಪಟ್ಟಿಯ ಫೋಟೋ, ಮ್ಯಾನೇಜರ್ ಜೊತೆಗಿನ ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವುದನ್ನೂ ಅಳಿಸಬೇಡಿ. ದುಡಿದ ದಿನ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಅವತ್ತವತ್ತೇ ಬರೆದಿಟ್ಟುಕೊಳ್ಳಿ. ನಮ್ಮಂಥವರ ಬಳಿ ಬರುವಾಗ ಅದಿಷ್ಟನ್ನೂ ತನ್ನಿ.